ಸಂಶೋಧನಾ ಡೀನ್ ಹುದ್ದೆ ಒಪ್ಪಿಕೊಂಡರೆ ಸ್ವಂತ ಸಂಶೋಧನೆ ಉಳಿಯುತ್ತದೆಯೇ?

ಪ್ರಶ್ನೆ: ಭಟ್ಟಿಬದಿ (ದಾವಣಗೆರೆ)

ಮಾನ್ಯರೇ, ನಾನು ದಾವಣಗೆರೆಯ ಖಾಸಗಿ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಮೆಕ್ಯಾನಿಕಲ್ ವಿಭಾಗದ ಪ್ರಾಧ್ಯಾಪಕ. ಪಾಠ ಹೇಳಲು ತೊಡಗಿ 24 ವರ್ಷಗಳಾದವು. ಮುಂದಿನ ಶೈಕ್ಷಣಿಕ ವರ್ಷದಿಂದ ಸಂಶೋಧನಾ ಡೀನ್ (ಕಾಲೇಜಿನ ಸಂಶೋಧನೆಯ ಉಸ್ತುವಾರಿ) ಆಗಬೇಕೆಂದು ಆಡಳಿತ ಮಂಡಳಿಯವರು ಕೇಳಿದ್ದಾರೆ. ಈಗಿನ ಪ್ರಾಚಾರ್ಯರ ನಿವೃತ್ತಿಗೆ ಮೂರು ವರ್ಷವಷ್ಟೇ ಉಳಿದಿದೆ ಎಂಬ ಮಾತನ್ನೂ ನಯವಾಗಿ ಸೇರಿಸಿದ್ದಾರೆ. ತಾಂತ್ರಿಕ ಶಿಕ್ಷಣವನ್ನು ನಿಯಂತ್ರಿಸುವ ಎ.ಐ.ಸಿ.ಟಿ.ಇ.ಯ ನಿಯಮದ ಪ್ರಕಾರ ಪ್ರಾಚಾರ್ಯ ಹುದ್ದೆಗೆ ಪಿಎಚ್.ಡಿ.ಯೊಂದಿಗೆ 15 ವರ್ಷಗಳ ಅನುಭವ ಬೇಕು, ಅದರಲ್ಲಿ ಕನಿಷ್ಠ 3 ವರ್ಷ ಪ್ರಾಧ್ಯಾಪಕನಾಗಿ ಕಳೆದಿರಬೇಕು. ಅರ್ಹತೆಯ ತೊಡಕು ನನಗಿಲ್ಲ, ತೊಡಕಿರುವುದು ಬೇರೆ ಕಡೆ.

ಕಳೆದ ಆರು ವರ್ಷಗಳಿಂದ ನಾನು ನಮ್ಮೂರಿನ ಮಂಡಕ್ಕಿ ಭಟ್ಟಿಗಳ ಒಲೆಯ ಮೇಲೆ ಕೆಲಸ ಮಾಡುತ್ತಿದ್ದೇನೆ. ಉಪ್ಪುನೀರು ಹಿಡಿಸಿದ ಅಕ್ಕಿಯನ್ನು ಕಾದ ಮರಳಿನಲ್ಲಿ ಹುರಿಯುವ ಈ ಕೆಲಸದಲ್ಲಿ ಉರುವಲಿನ ಶಾಖದ ದೊಡ್ಡ ಪಾಲು ಹೊಗೆಯೊಂದಿಗೆ ಹೊರಗೆ ಹೋಗುತ್ತದೆ. ಆ ಶಾಖವನ್ನು ಭತ್ತ ಒಣಗಿಸಲು ತಿರುಗಿಸಬಹುದೇ, ಉರುವಲಾದ ಭತ್ತದ ಹೊಟ್ಟು ಪೂರ್ತಿ ಉರಿಯುವಂತೆ ಗಾಳಿಯನ್ನು ಎಲ್ಲಿಂದ ಬಿಡಬೇಕು ಎಂಬುದೇ ನಮ್ಮ ಪ್ರಶ್ನೆ. (ಮಿರ್ಚಿ ಮಂಡಕ್ಕಿ ತಿನ್ನುವ ಹೊತ್ತಿನಲ್ಲಿ ಹುರಿದವರ ಕಣ್ಣುರಿಯ ನೆನಪು ನಮಗಾರಿಗೂ ಬರುವುದಿಲ್ಲ, ನನಗೂ ಬಹಳ ಕಾಲ ಬಂದಿರಲಿಲ್ಲ.) ನಾಲ್ವರು ಸಂಶೋಧನಾ ವಿದ್ಯಾರ್ಥಿಗಳು ನನ್ನ ಬಳಿ ನೋಂದಾಯಿಸಿಕೊಂಡಿದ್ದು, ಇಬ್ಬರು ಭಟ್ಟಿಯ ಮೇಲೆಯೇ ಕೆಲಸ ಮಾಡುತ್ತಿದ್ದಾರೆ.

ನನ್ನ ಪರಿಚಯದ ಮೂವರು ಒಳ್ಳೆಯ ಸಂಶೋಧಕರು ಹೀಗೆಯೇ ಆಡಳಿತಕ್ಕೆ ಹೋದರು. ಇಂದು ಅವರ ಕೋಣೆಯಲ್ಲಿ ಕಾಲೇಜಿನ ಗುಣಮಟ್ಟಕ್ಕೆ ಮಾನ್ಯತೆ ಕೊಡುವ ಎನ್.ಬಿ.ಎ. ಮತ್ತು ನ್ಯಾಕ್ ಸಂಸ್ಥೆಗಳ ಕಡತಗಳ ಹೊರತು ಬೇರೇನೂ ಕಾಣುವುದಿಲ್ಲ. ಒಪ್ಪಿಕೊಳ್ಳುವುದಾದರೆ ಏನನ್ನು ಉಳಿಸಿಕೊಂಡು ಒಪ್ಪಬೇಕು? ಅನುಭವಸ್ಥರು ದಯವಿಟ್ಟು ತಿಳಿಸಿ.

ಉತ್ತರ 1: ನಿವೃತ್ತ ಮೇಷ್ಟ್ರು (ಚಿತ್ರದುರ್ಗ)

ಒಂಬತ್ತು ವರ್ಷ ವಿಭಾಗ ಮುಖ್ಯಸ್ಥನಾಗಿ, ಐದು ವರ್ಷ ಪ್ರಾಚಾರ್ಯನಾಗಿ ಕೆಲಸ ಮಾಡಿದವನು ನಾನು. ಆಡಳಿತವು ನಿಮ್ಮ ಸಮಯವನ್ನು ತಿನ್ನುತ್ತದೆ ಎಂದು ಎಲ್ಲರೂ ಹೇಳುತ್ತಾರೆ, ಆದರೆ ನನ್ನ ಅನುಭವದಲ್ಲಿ ಸಮಯ ಹೇಗೋ ಸಿಗುತ್ತದೆ, ಸಿಗದಿರುವುದು ಎಡೆಬಿಡದ ಸಮಯ. ಬೆಳಿಗ್ಗೆ ಅರ್ಧ ಗಂಟೆ, ಊಟದ ನಂತರ ಮುಕ್ಕಾಲು ಗಂಟೆ, ಸಂಜೆ ಒಂದು ಗಂಟೆ ಎಂದು ಕೂಡಿಸಿದರೆ ದಿನಕ್ಕೆ ಎರಡು ಗಂಟೆ ದಾಟುತ್ತದೆ. ಆದರೆ ಅಷ್ಟರಲ್ಲಿ ಹಿಂದಿನ ದಿನದ ಲೆಕ್ಕ ಎಲ್ಲಿ ನಿಂತಿತ್ತೆಂದು ನೆನಪಿಸಿಕೊಳ್ಳುವುದೇ ಮುಗಿಯುವುದಿಲ್ಲ. ಆದ್ದರಿಂದ ವಾರದಲ್ಲಿ ಒಂದು ಪೂರ್ತಿ ದಿನವನ್ನು ಕೇಳಿ, ಆ ದಿನ ಕಾಲೇಜಿನ ಆವರಣದಲ್ಲೇ ಇರಬೇಡಿ, ಭಟ್ಟಿಗೆ ಹೋಗಿ.

ಷರತ್ತುಗಳನ್ನು ನೇಮಕದ ಆದೇಶಕ್ಕೆ ಮೊದಲೇ ಹೇಳಬೇಕು. ಸತೀಶ್ ಧವನ್ ಅವರ ಸಂಗತಿ ನಿಮಗೆ ಗೊತ್ತಿರಬಹುದು. 1962ರಿಂದ 1981ರವರೆಗೆ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿದ್ದ ಅವರಿಗೆ ಬಾಹ್ಯಾಕಾಶ ಕಾರ್ಯಕ್ರಮವನ್ನು ವಹಿಸಿಕೊಳ್ಳುವಂತೆ ಕರೆ ಬಂದಾಗ, ಬೆಂಗಳೂರಿನಿಂದಲೇ ಕೆಲಸ ಮಾಡುತ್ತೇನೆ, ಸಂಸ್ಥೆಯ ನಿರ್ದೇಶಕ ಸ್ಥಾನವನ್ನು ಬಿಡುವುದಿಲ್ಲ ಎಂದು ಮೊದಲೇ ಹೇಳಿ, ನಂತರವೇ 1972ರಲ್ಲಿ ಇಸ್ರೋದ ಅಧ್ಯಕ್ಷರಾದರು. ನಾವು ಧವನ್ ಅಲ್ಲ ಎಂದು ನೀವು ಹೇಳಬಹುದು, ಅದು ನಿಜ. ಆದರೆ ಮೊದಲೇ ಕೇಳುವುದಕ್ಕೆ ಧವನ್ ಆಗಬೇಕಿಲ್ಲ.

ನಿಮ್ಮ ವಿಷಯಕ್ಕೆ ಇನ್ನೂ ಹತ್ತಿರದವರು ಅಮೂಲ್ಯ ರೆಡ್ಡಿ. ವಿದ್ಯುತ್ ರಸಾಯನಶಾಸ್ತ್ರದಲ್ಲಿ ಹೆಸರು ಮಾಡಿದ್ದ ಪ್ರಾಧ್ಯಾಪಕರು 1974ರಲ್ಲಿ ಅದೇ ವಿಜ್ಞಾನ ಸಂಸ್ಥೆಯಲ್ಲಿ ಹಳ್ಳಿಗಾಡಿನ ಅಗತ್ಯಗಳಿಗಾಗಿ 'ಅಸ್ತ್ರ' ಎಂಬ ಕೇಂದ್ರವನ್ನು ಕಟ್ಟಿದರು. ಸೌದೆ ಉಳಿಸುವ, ಹೊಗೆಯನ್ನು ಕೊಳವೆಯಲ್ಲಿ ಹೊರಹಾಕುವ ಅಸ್ತ್ರ ಒಲೆ ನಮ್ಮ ಹಳ್ಳಿಗಳಿಗೆ ಬಂದದ್ದು ಅಲ್ಲಿಂದಲೇ. ಒಂದು ಕೇಂದ್ರವನ್ನು ಕಟ್ಟಿ ನಡೆಸುವುದು ಆಡಳಿತವೇ ಅಲ್ಲವೇ? ಅವರ ಆಡಳಿತವೂ ಸಂಶೋಧನೆಯೂ ಒಂದೇ ಪ್ರಶ್ನೆಯ ಸುತ್ತ ಇದ್ದವು. ನಿಮ್ಮ ಡೀನ್ ಕಚೇರಿಯೂ ಭಟ್ಟಿಯ ಸುತ್ತ ಇರಲು ಸಾಧ್ಯವಾದರೆ ಒಪ್ಪಿಕೊಳ್ಳಿ.

ನನ್ನ ತಪ್ಪನ್ನೂ ಹೇಳಿಬಿಡುತ್ತೇನೆ. ಪ್ರಾಚಾರ್ಯನಾದ ಮೇಲೆ ಕಿರಿಯರು ಗೌರವಕ್ಕೆಂದು ತಮ್ಮ ಪ್ರಬಂಧಗಳಲ್ಲಿ ನನ್ನ ಹೆಸರು ಸೇರಿಸಲು ತೊಡಗಿದರು. ಮೊದಲ ಎರಡಕ್ಕೆ ಸುಮ್ಮನಿದ್ದೆ. ಮೂರನೆಯದರಲ್ಲಿ ಒಬ್ಬ ವಿಮರ್ಶಕರು ಕೇಳಿದ ಪ್ರಶ್ನೆ ನನಗೆ ಅರ್ಥವೇ ಆಗಲಿಲ್ಲ. ಅಂದಿನಿಂದ ನಿಲ್ಲಿಸಿದೆ.

ಇನ್ನೊಂದು ಸಂಗತಿ. ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯು.ಜಿ.ಸಿ.) 2022ರ ನಿಯಮದಲ್ಲಿ ಪ್ರಾಧ್ಯಾಪಕರಿಗೆ ಏಕಕಾಲಕ್ಕೆ 8 ಸಂಶೋಧನಾ ವಿದ್ಯಾರ್ಥಿಗಳ ಮಿತಿಯಿದೆ, ನಿವೃತ್ತಿಗೆ ಮೂರು ವರ್ಷಕ್ಕಿಂತ ಕಡಿಮೆ ಇರುವವರು ಹೊಸಬರನ್ನು ತೆಗೆದುಕೊಳ್ಳುವಂತಿಲ್ಲ. ಭಟ್ಟಿಯ ಕೆಲಸವನ್ನು ಮುಂದುವರಿಸುವವರು ಬೇಕಿದ್ದರೆ ಈಗಲೇ ತೆಗೆದುಕೊಳ್ಳಿ.

ಉತ್ತರ 2: ಸಿವಿಲ್ ವಿಭಾಗದವನು (ದಾವಣಗೆರೆ)

ಮೇಷ್ಟ್ರ ಮಾತಿಗೆ ನನ್ನ ಅರ್ಧ ಒಪ್ಪಿಗೆ. ಷರತ್ತುಗಳು ಮೊದಲ ತಪಾಸಣಾ ತಂಡ ಬರುವವರೆಗೆ ಮಾತ್ರ ಬದುಕಿರುತ್ತವೆ. ತಂಡ ಬರುವ ಹಿಂದಿನ ತಿಂಗಳು ನಿಮ್ಮ ಭಟ್ಟಿಯ ದಿನವನ್ನು ಕೋರ್ಸ್ ಫೈಲುಗಳು ಆಕ್ರಮಿಸುತ್ತವೆ. ನಾನಾದರೆ ಒಪ್ಪುವುದಿಲ್ಲ.

ಒಪ್ಪುವಿರಾದರೆ ಪೇಟೆಂಟ್ ವಿಚಾರದಲ್ಲಿ ಎಚ್ಚರವಿರಲಿ. ನಮ್ಮಲ್ಲಿ ಅರ್ಜಿ ಹಾಕಿ ಅದು ಪ್ರಕಟವಾದ ಕೂಡಲೇ 'ಪೇಟೆಂಟ್ ಪಡೆದ ಪ್ರಾಧ್ಯಾಪಕರಿಗೆ ಅಭಿನಂದನೆ' ಎಂದು ಫ್ಲೆಕ್ಸ್ ಕಟ್ಟುತ್ತಾರೆ. ಅರ್ಜಿ ಸಲ್ಲಿಸಿ 18 ತಿಂಗಳಾದರೆ ಅದು ತಾನಾಗಿಯೇ ಪ್ರಕಟವಾಗುತ್ತದೆ, ಬೇಕೆಂದರೆ ಶುಲ್ಕ ಕಟ್ಟಿ ಬೇಗನೆ ಪ್ರಕಟಿಸಿಕೊಳ್ಳಬಹುದು. ಪರೀಕ್ಷಕರು ನೋಡಿ ಮಂಜೂರು ಮಾಡುವುದು ಬೇರೆಯೇ ಮಾತು. ಆಕಾರವನ್ನಷ್ಟೇ ಕಾಯುವ ಡಿಸೈನ್ ನೋಂದಣಿಯನ್ನೂ ಪೇಟೆಂಟ್ ಎಂದೇ ಎಣಿಸುವವರಿದ್ದಾರೆ. ಡೀನ್ ಆದವರ ಮೇಲೆ ಇಂಥ ಎಣಿಕೆಯನ್ನು ಹೆಚ್ಚಿಸುವ ಒತ್ತಡ ಬಂದೇ ಬರುತ್ತದೆ. ನಿಮ್ಮ ಒಲೆಯಲ್ಲಿ ನಿಜವಾಗಿ ಹೊಸದೇನಾದರೂ ಇದ್ದರೆ, ಸಮ್ಮೇಳನದಲ್ಲಿ ಪ್ರಬಂಧ ಓದುವ ಮೊದಲು ಅರ್ಜಿ ಸಲ್ಲಿಸಿ, ಪ್ರಕಟಿಸಿದ ಮೇಲೆ ಹೊಸತನದ ಹಕ್ಕು ಸಾಮಾನ್ಯವಾಗಿ ಹೋಗುತ್ತದೆ. ಶಿಕ್ಷಣ ಸಂಸ್ಥೆಗಳಿಗೆ 2021ರಿಂದ ಶುಲ್ಕದಲ್ಲಿ ಶೇ 80ರಷ್ಟು ರಿಯಾಯಿತಿಯೂ ಇದೆ.

ವಿಷಯಕ್ಕೆ ಹೊಂದಿದ ಮಾತೊಂದು: ಭತ್ತದ ಹೊಟ್ಟಿನ ಬೂದಿಯಲ್ಲಿ ಸಾಮಾನ್ಯವಾಗಿ ಶೇ 85ಕ್ಕಿಂತ ಹೆಚ್ಚು ಸಿಲಿಕಾ ಇರುತ್ತದೆ. ಸುಮಾರು 700 ಡಿಗ್ರಿ ಸೆಲ್ಸಿಯಸ್ ಒಳಗೆ ಹದವಾಗಿ ಉರಿಸಿದರೆ ಅದು ಕಾಂಕ್ರೀಟಿನಲ್ಲಿ ಸಿಮೆಂಟಿನ ಒಂದು ಪಾಲಿನ ಜಾಗ ತುಂಬಬಲ್ಲದು, ಹೆಚ್ಚು ಕಾದರೆ ಹರಳುಗಟ್ಟಿ ಆ ಗುಣ ತಗ್ಗುತ್ತದೆ. ಅಂದರೆ ನೀವು ಒಲೆಯೊಳಗೆ ಶಾಖವನ್ನು ಎಲ್ಲಿ ಹಿಡಿದಿಡುತ್ತೀರಿ ಎಂಬುದು ನನ್ನ ಬೂದಿಯ ಗುಣವನ್ನೂ ನಿರ್ಧರಿಸುತ್ತದೆ. ಒಂದೇ ಊರಿನಲ್ಲಿದ್ದೂ ನಾವು ಈ ಮಾತನ್ನು ಇಲ್ಲಿ ಆಡುತ್ತಿದ್ದೇವೆ ಎಂಬುದೇ ನಗುವ ಸಂಗತಿ.

ಉತ್ತರ 3: ಸಹಾಯಕ ಪ್ರಾಧ್ಯಾಪಕಿ (ಚಿತ್ರದುರ್ಗ)

ಸರ್, ನಿಮ್ಮ ಸಂಶೋಧನೆ ಉಳಿಯುತ್ತದೆಯೇ ಎಂಬುದನ್ನೇ ಮೂವರೂ ಚರ್ಚಿಸಿದ್ದೀರಿ. ಡೀನ್ ಕೈಕೆಳಗೆ ಕೆಲಸ ಮಾಡುವವರ ಸಂಶೋಧನೆ ಹುಟ್ಟುತ್ತದೆಯೇ ಎಂಬುದನ್ನೂ ದಯವಿಟ್ಟು ಯೋಚಿಸಿ.

ನನ್ನಂಥವರಿಗೆ ವಾರಕ್ಕೆ 16 ಗಂಟೆ ಪಾಠ, ಅದರ ಮೇಲೆ ಪ್ರವೇಶ ಪ್ರಚಾರ, ಪರೀಕ್ಷೆ, ದಾಖಲೆಗಳು. ಇದರೊಂದಿಗೆ ವರ್ಷಕ್ಕೆ ಎರಡು ಪೇಪರ್ ಎಂಬ ಗುರಿಯನ್ನು ನಾನು ಹಿಂದೆ ಕೆಲಸ ಮಾಡುತ್ತಿದ್ದ ಕಾಲೇಜಿನಲ್ಲಿ ಸುತ್ತೋಲೆಯಲ್ಲೇ ಬರೆದಿದ್ದರು. ಗುರಿ ಮುಟ್ಟಲು ಅನೇಕರು ಹಣ ಕಟ್ಟಿ ಪ್ರಕಟಿಸಿದರು. ನಾನೂ ಒಮ್ಮೆ ಸಂಬಳದಿಂದ ಹಣ ಕಟ್ಟಿದೆ, ಆ ನಿಯತಕಾಲಿಕ ಈಗ ಎಲ್ಲಿದೆಯೋ ತಿಳಿಯದು. ಅಂಥ ಪೇಪರನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ ಎಂದು ಹೇಳಬಲ್ಲ ಡೀನ್ ನಮಗೆ ಬೇಕು. ಅದು ಹೇಳಲು ಸುಲಭವಲ್ಲ, ಏಕೆಂದರೆ ರ್‍ಯಾಂಕಿಂಗ್ ಲೆಕ್ಕದಲ್ಲಿ ಕಾಲೇಜಿನ ಪೇಪರುಗಳ ಸಂಖ್ಯೆ ಇಳಿಯುತ್ತದೆ.

ಎರಡನೆಯದಾಗಿ ಬಾಗಿಲು ತಟ್ಟುವ ಕೆಲಸ. ನಮ್ಮ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನಲ್ಲಿ ವಿಜ್ಞಾನ ಸಂಸ್ಥೆಯ ಸುಮಾರು 1,500 ಎಕರೆಯ ಆವರಣವಿದೆ, ರಕ್ಷಣಾ ಸಂಶೋಧನಾ ಸಂಸ್ಥೆಯಾದ ಡಿ.ಆರ್.ಡಿ.ಒ.ದ ವೈಮಾನಿಕ ಪರೀಕ್ಷಾ ವಲಯವಿದೆ. ಇಸ್ರೋದ ಮರುಬಳಕೆಯ ಉಡಾವಣಾ ವಾಹನ ಪುಷ್ಪಕ್ 2023ರಲ್ಲಿ ಒಮ್ಮೆ, 2024ರಲ್ಲಿ ಎರಡು ಸಲ ಇಳಿದದ್ದು ಅಲ್ಲಿಯೇ. ಅದನ್ನು ನಾವು ಮೊಬೈಲಿನಲ್ಲಿ ನೋಡಿ ಚಪ್ಪಾಳೆ ತಟ್ಟಿದೆವು. ಕಿರಿಯ ಅಧ್ಯಾಪಕಿಯೊಬ್ಬಳು ಬರೆದ ಪತ್ರಕ್ಕೆ ಉತ್ತರ ಬಾರದಿರಬಹುದು, ಡೀನ್ ಬರೆದರೆ ಬರುವ ಸಾಧ್ಯತೆ ಹೆಚ್ಚು. ಕೊನೆಯ ವರ್ಷದ ಪ್ರಾಜೆಕ್ಟುಗಳಿಗೆ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ಕೊಡುವ ಸಣ್ಣ ಮೊತ್ತವೂ ನಮಗೆ ದೊಡ್ಡದೇ, ಆದರೆ ಅದರಲ್ಲಿ ಕೊಂಡ ಒಂದು ಸೆನ್ಸರಿನ ಬಿಲ್ಲಿಗೆ ನಾಲ್ಕು ಸಹಿ ಬೀಳುವಷ್ಟರಲ್ಲಿ ವಿದ್ಯಾರ್ಥಿಗಳೇ ಪಾಸಾಗಿ ಹೋಗಿರುತ್ತಾರೆ. ಆ ನಾಲ್ಕು ಸಹಿಯನ್ನು ಎರಡಕ್ಕೆ ಇಳಿಸಿದ ಡೀನ್‌ರನ್ನು ನಾವು ಅವರ ಪ್ರಬಂಧಗಳಿಗಿಂತ ಹೆಚ್ಚು ನೆನೆಯುತ್ತೇವೆ.

ಪ್ರಶ್ನೆ ಕೇಳಿದವರಿಂದ: ಭಟ್ಟಿಬದಿ

ಎಲ್ಲರಿಗೂ ಕೃತಜ್ಞತೆಗಳು. ಮೇಷ್ಟ್ರು ಹೇಳಿದಂತೆ ಷರತ್ತುಗಳನ್ನು ಬರೆಯಲು ಕುಳಿತಾಗ ಮೊದಲು ಬರೆದ ನಾಲ್ಕೂ ನನ್ನ ಅನುಕೂಲಕ್ಕೇ ಇದ್ದವು. ಮೇಡಂ ಅವರ ಉತ್ತರ ಓದಿದ ಮೇಲೆ ಎರಡನ್ನು ಹೊಡೆದುಹಾಕಿದ್ದೇನೆ. ಈಗ ಉಳಿದಿರುವುದು ವಾರಕ್ಕೆ ಒಂದು ದಿನ ಭಟ್ಟಿಗೆ ಮತ್ತು ನನ್ನ ಕೆಲಸವಿಲ್ಲದ ಪ್ರಬಂಧದಲ್ಲಿ ನನ್ನ ಹೆಸರು ಬೇಡ ಎಂಬುದು. ಹೊಸದಾಗಿ ಸೇರಿದ್ದು, ನಿಗದಿತ ಮೊತ್ತದವರೆಗಿನ ಖರೀದಿಗೆ ವಿಭಾಗ ಮುಖ್ಯಸ್ಥರ ಮತ್ತು ಡೀನ್ ಸಹಿ ಸಾಕು ಎಂಬುದು ಹಾಗೂ ಹಣ ಕಟ್ಟಿ ಪ್ರಕಟಿಸಿದ ಪೇಪರನ್ನು ಬಡ್ತಿಗೆ ಎಣಿಸಬಾರದು ಎಂಬುದು. ಕೊನೆಯದಕ್ಕೆ ಮಂಡಳಿಯವರು ಒಪ್ಪುವುದು ಕಷ್ಟ. ಒಪ್ಪದಿದ್ದರೆ ನಾನೂ ಒಪ್ಪುವುದಿಲ್ಲ ಎಂದು ನಿರ್ಧರಿಸಿದ್ದೇನೆ.

ಸಿವಿಲ್ ವಿಭಾಗದ ಸರ್ ಅವರಿಗೆ: ಹುದ್ದೆಯ ವಿಚಾರ ಏನೇ ಆಗಲಿ, ಮೂರು ಭಟ್ಟಿಗಳ ಬೂದಿಯನ್ನು ಬೇರೆ ಬೇರೆ ಚೀಲಗಳಲ್ಲಿ ತುಂಬಿ, ಒಲೆಯ ತಾಪಮಾನವನ್ನು ಮೇಲೆ ಬರೆದು ಇಡುತ್ತಿದ್ದೇನೆ. ಶನಿವಾರ ಮಧ್ಯಾಹ್ನದ ನಂತರ ಭಟ್ಟಿಯ ಕಡೆಗೇ ಬಂದುಬಿಡಿ.