ತೊಡೆಯ ಪೈಪ್ ತೆಗೆಯುವ ಮುಂಚೆ ಮತ್ತೆ ಮತ್ತೆ ರಕ್ತ ಪರೀಕ್ಷೆ ಯಾಕೆ?

ಆಲೂರು_ಕಾಫಿ:
ಹೋದ ವಾರ ಹಾಸನದಲ್ಲಿ ಅಪ್ಪನಿಗೆ ಆಂಜಿಯೋಪ್ಲಾಸ್ಟಿ ಆಯ್ತು. ಸ್ಟೆಂಟ್ ಹಾಕಿದ ಮೇಲೂ ತೊಡೆಯಲ್ಲಿದ್ದ ಪೈಪ್ ತೆಗೆಯಲಿಲ್ಲ. ಸಿಸ್ಟರ್ ಬಂದು ಸ್ವಲ್ಪ ರಕ್ತ ತೆಗೆದು, ಮಂಚದ ಪಕ್ಕದ ಚಿಕ್ಕ ಮಷೀನಿಗೆ ಹಾಕಿ, "ಇನ್ನೂ 210 ಇದೆ, ಇಳಿಯಲಿ" ಅಂತ ಹೇಳಿ ಹೋದರು. ಕಾಲು ಮಡಚುವ ಹಾಗಿಲ್ಲ, ಅಪ್ಪ ಸೊಂಟ ನೋವು ಅಂತ ಒದ್ದಾಡಿಬಿಟ್ಟರು. ಬೆಳಿಗ್ಗೆಯೇ ಲ್ಯಾಬಿಗೆ ರಕ್ತ ಕೊಟ್ಟಿದ್ದೆವಲ್ಲ? ಬಿಲ್‌ನಲ್ಲಿ ಎಸಿಟಿ ಅಂತ ಬೇರೆ ಸೇರಿಸಿದ್ದಾರೆ. ಚಿಕ್ಕಪ್ಪ ಇದೆಲ್ಲ ಸುಮ್ನೆ ದುಡ್ಡಿಗೆ ಅಂತಾರೆ. ಮುಂದಿನ ತಿಂಗಳು ಇನ್ನೊಂದು ಸ್ಟೆಂಟ್ ಇದೆ, ಅದಕ್ಕೇ ಕೇಳುತ್ತಿದ್ದೇನೆ.

ಕ್ಯಾತ್‌ಲ್ಯಾಬ್_ಟೆಕ್:
ದುಡ್ಡಿಗಲ್ಲ, ದಯವಿಟ್ಟು ಅದನ್ನು ಬೇಡ ಅನ್ನಬೇಡಿ. ರಕ್ತನಾಳದೊಳಗೆ ವೈರ್, ಬಲೂನು ಹೋದಾಗ ಅದರ ಮೇಲೆ ರಕ್ತ ಹೆಪ್ಪುಗಟ್ಟುತ್ತದೆ. ಅದಾಗದಿರಲಿ ಅಂತ ಹೆಪಾರಿನ್ ಕೊಡುತ್ತೇವೆ, ಸಾಮಾನ್ಯವಾಗಿ ಕೆಜಿಗೆ 70ರಿಂದ 100 ಯೂನಿಟ್. ಆದರೆ ಒಂದೇ ತೂಕದ ಇಬ್ಬರಿಗೆ ಒಂದೇ ಡೋಸ್ ಕೊಟ್ಟರೂ ಒಬ್ಬರಿಗೆ ಜಾಸ್ತಿ, ಇನ್ನೊಬ್ಬರಿಗೆ ಕಮ್ಮಿ ಹಿಡಿಯುತ್ತದೆ, ಅಳೆಯದೆ ಗೊತ್ತಾಗುವುದಿಲ್ಲ. ಮಷೀನಿನಲ್ಲಿ ಕಯೋಲಿನ್ ಅನ್ನುವ ಜೇಡಿಮಣ್ಣಿನ ಪುಡಿ ರಕ್ತಕ್ಕೆ ತಾಗುತ್ತದೆ, ಅಲ್ಲಿಂದ ಹೆಪ್ಪುಗಟ್ಟಲು ಎಷ್ಟು ಸೆಕೆಂಡ್ ಅನ್ನುವುದೇ ಆ ನಂಬರ್, ಬಿಲ್‌ನಲ್ಲಿರುವ ಎಸಿಟಿ (ಆಕ್ಟಿವೇಟೆಡ್ ಕ್ಲಾಟಿಂಗ್ ಟೈಮ್) ಅಂದರೆ ಇದೇ. ಹೆಪಾರಿನ್ ಇಲ್ಲದಾಗ 100ರ ಆಸುಪಾಸು. ಸ್ಟೆಂಟ್ ಹಾಕುವಾಗ 250ರಿಂದ 300 ಬೇಕು, ಕೆಲವು ಮಷೀನುಗಳಲ್ಲಿ 350ರವರೆಗೂ. ಲ್ಯಾಬಿಗೆ ಕಳಿಸಿ ಕಾಯುವಷ್ಟು ಹೊತ್ತು ಟೇಬಲ್ ಮೇಲೆ ಇರುವುದಿಲ್ಲ, ಅಲ್ವಾ? ಬೆಳಿಗ್ಗೆ ಕೊಟ್ಟ ರಕ್ತ ಹೆಪಾರಿನ್‌ಗಿಂತ ಮುಂಚಿನದು, ಅದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. 210ರಲ್ಲಿ ಪೈಪ್ ಎಳೆದಿದ್ದರೆ ಎಷ್ಟು ಒತ್ತಿ ಹಿಡಿದರೂ ರಕ್ತ ನಿಲ್ಲುವುದು ಕಷ್ಟ. ಸಾಮಾನ್ಯವಾಗಿ 180ಕ್ಕಿಂತ ಕೆಳಗೆ ಬರಲಿ ಅಂತ ಕಾಯುತ್ತಾರೆ. ಪ್ರತಿ ಸಲ ಹೊಸ ಟ್ಯೂಬೋ ಕಾರ್ಟ್ರಿಜ್ಜೋ ಬೇಕು, ಬಿಲ್‌ಗೆ ಸೇರುವುದು ಅದು.

ವಾರ್ಡ್_ಸಿಸ್ಟರ್:
ಸೊಂಟ ನೋವು ಮಲಗಿ ಮಲಗಿಯೂ ಬರುತ್ತದೆ, ನಿಜ. ಆದರೆ ತೊಡೆಯಿಂದ ಮಾಡಿದಾಗ ಹೊಟ್ಟೆಯ ಹಿಂಬದಿಗೆ ರಕ್ತ ಸೋರಿದರೂ ಅಲ್ಲೇ ನೋಯುತ್ತದೆ, ಹೊರಗೆ ಏನೂ ಕಾಣುವುದಿಲ್ಲ. ನೋವಿನ ಜೊತೆ ಬೆವರು, ತಲೆಸುತ್ತು ಬಂದರೆ ಆ ಕ್ಷಣವೇ ನಮ್ಮನ್ನು ಕರೆಯಿರಿ, ತೊಂದರೆ ಕೊಡುತ್ತೇವೇನೋ ಅಂತ ಸಂಕೋಚ ಪಡಬೇಡಿ. ಪೈಪ್ ತೆಗೆದ ಮೇಲೆ ತೊಡೆ ಹತ್ತಿರ ಬಿಸಿಯಾಗಿ ಒದ್ದೆ ಅನ್ನಿಸಿದರೂ ಅಷ್ಟೇ. ಮುಂದಿನ ಸಲ ಮಣಿಕಟ್ಟಿನಿಂದ ಮಾಡಬಹುದಾ ಅಂತ ಡಾಕ್ಟರನ್ನು ಕೇಳಿ. ಆಗ ಮುಗಿದ ಕೂಡಲೇ ಪೈಪ್ ತೆಗೆದು ಬ್ಯಾಂಡ್ ಕಟ್ಟುತ್ತಾರೆ, ಈ ನಂಬರಿಗಾಗಿ ಕಾಯುವ ಗೋಳಿಲ್ಲ.

ಅರಸೀಕೆರೆ_ತೆಂಗು:
ನಮ್ಮಮ್ಮನಿಗೆ ಬೆಂಗಳೂರಿನಲ್ಲಿ ಬೈಪಾಸ್ ಆದಾಗ 480 ದಾಟಲೇಬೇಕು ಅಂದಿದ್ದರು. ಅಷ್ಟೊಂದು ಯಾಕೆ?

ಕ್ಯಾತ್‌ಲ್ಯಾಬ್_ಟೆಕ್:
ಅಲ್ಲಿ ಪೂರ್ತಿ ರಕ್ತ ಹಾರ್ಟ್-ಲಂಗ್ ಮಷೀನಿನ ಪ್ಲಾಸ್ಟಿಕ್ ಕೊಳವೆಗಳಲ್ಲಿ ಸುತ್ತುತ್ತದೆ, ಅದಕ್ಕೇ ಜಾಸ್ತಿ ಬೇಕು. ಮುಗಿದ ಮೇಲೆ ಪ್ರೋಟಮಿನ್ ಕೊಟ್ಟು ಹೆಪಾರಿನ್ ಕೆಲಸ ನಿಲ್ಲಿಸಿ, ಇದೇ ಪರೀಕ್ಷೆ ಇನ್ನೊಮ್ಮೆ ಮಾಡುತ್ತಾರೆ.

ಆಲೂರು_ಕಾಫಿ:
ತುಂಬಾ ಥ್ಯಾಂಕ್ಸ್. ಇದನ್ನು ಚಿಕ್ಕಪ್ಪನಿಗೂ ಕಳಿಸುತ್ತೇನೆ, ಮಣಿಕಟ್ಟಿನ ವಿಷಯ ಡಾಕ್ಟರ್ ಹತ್ತಿರ ಕೇಳುತ್ತೇನೆ.