ಸಂಕ್ರಾಂತಿಗೆ ಊರಿಗೆ ಹೋದ ಸ್ನಾತಕೋತ್ತರ (ಪಿಜಿ) ಮಕ್ಕಳು ವಾಪಸ್ ಬರಲಿಲ್ಲ. ಪ್ರವೇಶ, ಸ್ಕಾಲರ್‌ಶಿಪ್ ನೋಡಿಕೊಳ್ಳುವವರು ದಾರಿ ಹೇಳಿ

ತುಂಗಾತೀರ ಬರೆದಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಒಂದು ರಾಜ್ಯ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರದಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ಸೆಪ್ಟೆಂಬರಿನಿಂದ ಕೇಂದ್ರದ ಸಂಯೋಜಕಿ ಕೆಲಸವೂ ನನ್ನ ಪಾಲಿಗೆ ಬಂದಿದೆ. ಐದು ವಿಭಾಗಗಳ ಪ್ರವೇಶ, ಶುಲ್ಕ, ವಿದ್ಯಾರ್ಥಿವೇತನ, ಪಿಎಚ್‌ಡಿ ಮಕ್ಕಳ ಫೆಲೋಶಿಪ್ ಕಡತ, ಎಲ್ಲ ನನ್ನ ಮೇಜಿಗೇ ಬರುತ್ತವೆ. ಪಾಠ ಮಾಡೋಕೆ ಶುರು ಮಾಡಿ ಹದಿನಾರು ವರ್ಷವಾಯಿತು. ಈ ಕೆಲಸ ಮಾತ್ರ ಹೊಸದು.

ನಮ್ಮ ವಿಭಾಗದಲ್ಲಿ 30 ಸೀಟು. ಈ ಸಲ ಅಕ್ಟೋಬರಿನಲ್ಲಿ 19 ಮಕ್ಕಳು ಸೇರಿದರು. ಅಷ್ಟು ಸೇರಿದ್ದೇ ದೊಡ್ಡದು ಅಂತ ನಾವೆಲ್ಲ ಸಮಾಧಾನದಲ್ಲಿದ್ದೆವು. ಸಂಕ್ರಾಂತಿಗೆ ಊರಿಗೆ ಹೋದವರಲ್ಲಿ ಆರು ಜನ ಬರಲೇ ಇಲ್ಲ. ಒಬ್ಬೊಬ್ಬರಿಗೇ ಫೋನ್ ಮಾಡಿದೆ. ಒಬ್ಬಳು ಗಾರ್ಮೆಂಟ್ಸ್‌ಗೆ ಸೇರಿಕೊಂಡಿದ್ದಾಳೆ. ಒಬ್ಬ ಬೆಂಗಳೂರಿನಲ್ಲಿ ಊಟ ಡೆಲಿವರಿ ಮಾಡುತ್ತಿದ್ದಾನೆ. ಪಾಠ ಕಷ್ಟ ಅಂತ ಒಬ್ಬರೂ ಹೇಳಲಿಲ್ಲ. ಗಾರ್ಮೆಂಟ್ಸ್ ಸೇರಿದ ಹುಡುಗಿ ಹೇಳಿದ್ದು ಇಷ್ಟು: "ಮೇಡಂ, ರೂಮಿನ ಬಾಡಿಗೆ ಮೂರು ತಿಂಗಳದ್ದು ಬಾಕಿ ಇದೆ. ಸ್ಕಾಲರ್‌ಶಿಪ್ ಬಂದಿದ್ರೆ ಬರ್ತಿದ್ದೆ." ಮೊದಲ ಇಂಟರ್ನಲ್‌ನಲ್ಲಿ ಎಲ್ಲರಿಗಿಂತ ಜಾಸ್ತಿ ಅಂಕ ತೆಗೆದವಳು ಅವಳೇ.

ಇನ್ನೊಂದು ವಿಷಯ ಬರೆಯುವಾಗ ಕೈ ನಡುಗುತ್ತದೆ. ನಮ್ಮಲ್ಲಿ ಜೆಆರ್‌ಎಫ್ (ಯುಜಿಸಿ ಕೊಡುವ ಕಿರಿಯ ಸಂಶೋಧನಾ ಫೆಲೋಶಿಪ್) ಪಡೆದ ಒಬ್ಬ ಸಂಶೋಧನಾ ವಿದ್ಯಾರ್ಥಿ ಇದ್ದಾನೆ. ಐದು ತಿಂಗಳಿಂದ ಅವನಿಗೆ ಫೆಲೋಶಿಪ್ ಬಂದಿಲ್ಲ. ಕಳೆದ ವಾರ ಒಳಗೆ ಬಂದು ಪಾಸ್‌ಬುಕ್ ತೆರೆದು ಮೇಜಿನ ಮೇಲಿಟ್ಟ. ಒಂದು ಮಾತೂ ಆಡಲಿಲ್ಲ. ಕೊನೆಯ ಜಮೆ ಆಗಸ್ಟ್ ತಿಂಗಳದ್ದು. ವಿಚಾರಿಸಿದರೆ, ಪ್ರತಿ ತಿಂಗಳು ನಮ್ಮ ಕೇಂದ್ರದಿಂದ ಅವನ ಹಾಜರಿ ಪತ್ರ ಮುಖ್ಯ ಕ್ಯಾಂಪಸ್‌ಗೆ ಹೋಗಬೇಕಿತ್ತಂತೆ. ಹಿಂದಿನ ಸಂಯೋಜಕರು ಕಳಿಸುತ್ತಿದ್ದರು. ಅದು ನನ್ನ ಕೆಲಸ ಅನ್ನುವುದೇ ನನಗೆ ಗೊತ್ತಿರಲಿಲ್ಲ. ತಿಂಗಳಿಗೆ 37,000 ಅಂದರೆ ಐದು ತಿಂಗಳಿಗೆ 1,85,000 ರೂಪಾಯಿ. ಆ ಹುಡುಗ ಭಾವನ ಹತ್ತಿರ ಸಾಲ ಮಾಡಿಕೊಂಡು ಓದುತ್ತಿದ್ದಾನೆ.

ನಿಮ್ಮಲ್ಲಿ ಈ ಕೆಲಸ ಮಾಡಿದವರು ಯಾರಿದ್ದೀರಿ? ಯಾವುದನ್ನು ಯಾವಾಗ ನೋಡಬೇಕು? ಸೇರುವ ದಿನವೇ ಮಕ್ಕಳಿಗೆ ಏನು ಹೇಳಬೇಕು? ಪಿಎಚ್‌ಡಿಗೆ ಈ ವರ್ಷ ಹನ್ನೊಂದು ಜನ ಕಾಯುತ್ತಿದ್ದಾರೆ, ಗೈಡ್‌ಗಳು ಇಬ್ಬರೇ. ಅದಕ್ಕೂ ಏನಾದರೂ ಹೇಳಿ.

---

ಹಳೇಕಡತ ಉತ್ತರಿಸಿದ್ದು:

ಮೇಡಂ, ನಮಸ್ಕಾರ. ನಾನು ವಿಶ್ವವಿದ್ಯಾಲಯವೊಂದರ ಪಿಜಿ ಸೆಕ್ಷನ್‌ನಲ್ಲಿ ಗುಮಾಸ್ತನಾಗಿ ಸೇರಿ ಸೂಪರಿಂಟೆಂಡೆಂಟ್ ಆಗಿ ನಿವೃತ್ತನಾದವನು. ನಿಮ್ಮ ಬರಹ ಎರಡು ಸಲ ಓದಿದೆ. ತಪ್ಪು ಗೊತ್ತಾದ ಮೇಲೆ ಮುಚ್ಚಿಡದೆ ಬರೆದಿದ್ದೀರಿ. ಆ ಹುಡುಗನ ಹಣ ಖಂಡಿತ ಬರುತ್ತದೆ.

ಮೊದಲು ಅವನದ್ದೇ ಮುಗಿಸಿ. ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಫೆಲೋಶಿಪ್ ಕೆನರಾ ಬ್ಯಾಂಕ್ ನಡೆಸುವ ಪೋರ್ಟಲ್ ಮೂಲಕ ಮಕ್ಕಳ ಖಾತೆಗೆ ನೇರವಾಗಿ ಹೋಗುತ್ತದೆ. ಆದರೆ ತಾನಾಗಿಯೇ ಹೋಗುವುದಿಲ್ಲ. ಈ ವಿದ್ಯಾರ್ಥಿ ಈ ತಿಂಗಳೂ ಕೆಲಸ ಮಾಡಿದ್ದಾನೆ ಅಂತ ವಿಶ್ವವಿದ್ಯಾಲಯ ಪ್ರತಿ ತಿಂಗಳು ದೃಢೀಕರಿಸಬೇಕು. ಅದಕ್ಕೆ ಇಬ್ಬರು ಇರುತ್ತಾರೆ. ಮೇಕರ್ ಹೆಸರು ಏರಿಸುತ್ತಾರೆ, ಚೆಕರ್ ಒಪ್ಪಿಗೆ ಒತ್ತುತ್ತಾರೆ. ಇಬ್ಬರಲ್ಲಿ ಒಬ್ಬರು ರಜೆ ಹಾಕಿದರೂ ಆ ತಿಂಗಳು ನಿಂತಿತು. ನೀವು ಐದು ತಿಂಗಳಿಗೆ ಐದು ಬೇರೆ ಬೇರೆ ಹಾಜರಿ ಪತ್ರ ಮಾಡಿ, ಗೈಡ್ ಸಹಿ ಹಾಕಿಸಿ. ಟಪಾಲಿಗೆ ಹಾಕಬೇಡಿ. ಯಾರಾದರೂ ಕೈಯಲ್ಲಿ ಹಿಡಿದುಕೊಂಡು ಹೋಗಿ ಮೇಕರ್ ಮುಂದೆ ಕೂತು ಮಾಡಿಸಿಕೊಂಡು ಬರಲಿ. ನಮ್ಮಲ್ಲಿ ಹೀಗೆ ಒಮ್ಮೆ ನಾಲ್ಕು ತಿಂಗಳು ತಪ್ಪಿತ್ತು. ಬಾಕಿ ಎಲ್ಲ ಒಟ್ಟಿಗೆ ಬಂತು.

ಅವನ ಕಡತ ತೆಗೆದಾಗ ಇನ್ನೊಂದು ತಾರೀಕು ನೋಡಿ. ಜೆಆರ್‌ಎಫ್ ಎರಡು ವರ್ಷ. ಆಮೇಲೆ ಹೊರಗಿನ ವಿಷಯ ತಜ್ಞರೂ ಇರುವ ಮೂರು ಜನರ ಸಮಿತಿ ಕೆಲಸ ನೋಡಿ ಒಪ್ಪಿದರೆ ಎಸ್‌ಆರ್‌ಎಫ್, ಅಂದರೆ ಹಿರಿಯ ಸಂಶೋಧನಾ ಫೆಲೋಶಿಪ್. 2023ರ ಜನವರಿಯಿಂದ ಅದು 42,000. ಸಮಿತಿ ಕರೆಯುವುದು ತಡವಾದಷ್ಟು ದಿನ ತಿಂಗಳಿಗೆ 5,000 ಕಡಿಮೆಯಲ್ಲೇ ಅವನು ಬದುಕಬೇಕು. ಹೊರಗಿನ ತಜ್ಞರ ದಿನಾಂಕ ಸಿಗುವುದೇ ಕಷ್ಟ. ಮೂರು ತಿಂಗಳು ಮೊದಲೇ ಪತ್ರ ಬರೆಯಿರಿ. ಹಾಸ್ಟೆಲ್ ಸಿಗದಿದ್ದರೆ ಮನೆ ಬಾಡಿಗೆ ಭತ್ಯೆ ಬೇರೆ ಇದೆ. ಇತಿಹಾಸದಂಥ ನಿಮ್ಮ ವಿಷಯಗಳಿಗೆ ಪುಸ್ತಕ, ಓಡಾಟದ ಖರ್ಚಿಗೆ ಅಂತ ಮೊದಲ ಎರಡು ವರ್ಷ ವರ್ಷಕ್ಕೆ 10,000, ಆಮೇಲೆ 20,500. ಎಷ್ಟೋ ಮಕ್ಕಳು ಇದನ್ನು ಕೇಳುವುದೇ ಇಲ್ಲ.

ಈಗ ಊರಿಗೆ ಹೋದ ಆರು ಮಕ್ಕಳ ವಿಷಯ. ನಾನು ಸೆಕ್ಷನ್‌ಗೆ ಬಂದ ಹೊಸದರಲ್ಲಿ ಪ್ರವೇಶ ನೋಡುವವರು ಒಂದು ಕೋಣೆ, ಸ್ಕಾಲರ್‌ಶಿಪ್ ನೋಡುವವರು ಇನ್ನೊಂದು ಕೋಣೆ. ಶುಲ್ಕದ ರಸೀದಿ ಕೊಟ್ಟರೆ ಮೊದಲ ಕೋಣೆಯವರ ಕೆಲಸ ಮುಗಿಯಿತು. ಡಿಸೆಂಬರ್ ಹೊತ್ತಿಗೆ ಎರಡನೇ ಕೋಣೆಯವರಿಗೆ ಅರ್ಜಿಯ ತಪ್ಪುಗಳು ಕಾಣುತ್ತಿದ್ದವು. ಅಷ್ಟರಲ್ಲಿ ಮಗು ಊರು ಸೇರಿರುತ್ತಿತ್ತು. ಆ ಎರಡು ಮೇಜು ಪಕ್ಕಪಕ್ಕ ಹಾಕಿಸಿದ್ದೇ ನನ್ನ ಸರ್ವೀಸಿನಲ್ಲಿ ನಾನು ಮಾಡಿದ ಒಳ್ಳೆಯ ಕೆಲಸ ಅಂತ ಈಗಲೂ ಅಂದುಕೊಳ್ಳುತ್ತೇನೆ.

ಪ್ರವೇಶಕ್ಕೆ ಬಂದ ದಿನವೇ ಆದಾಯ ಪತ್ರದ ಆರ್‌ಡಿ ನಂಬರ್ (ಪತ್ರದ ಮೇಲೆ ಅಚ್ಚಾಗಿರುವ ಸಂಖ್ಯೆ) ನೋಡಿ. ಎಸ್‌ಸಿ, ಎಸ್‌ಟಿ, ಪ್ರವರ್ಗ-1ರವರ ಜಾತಿ ಪತ್ರ ಹಳೆಯದಾದರೂ ನಡೆಯುತ್ತದೆ, ಆದಾಯ ಪತ್ರಕ್ಕೆ ಐದು ವರ್ಷವೇ ಆಯಸ್ಸು. ಪಿಯುಸಿಯಲ್ಲಿ ಮಾಡಿಸಿದ್ದು ಎಂ.ಎ. ಸೇರುವ ಹೊತ್ತಿಗೆ ಮುಗಿಯುತ್ತಾ ಬಂದಿರುತ್ತದೆ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ಮತ್ತು ಆಧಾರ್ ಎರಡನ್ನೂ ಪಕ್ಕಪಕ್ಕ ಇಟ್ಟು ಹೆಸರು ಓದಿ. ಇನಿಷಿಯಲ್ ಒಂದರಲ್ಲಿ ಹಿಂದೆ, ಒಂದರಲ್ಲಿ ಮುಂದೆ ಇದ್ದರೂ ಆಗಲೇ ಸರಿಮಾಡಿಸಿ. ಎಸ್‌ಎಸ್‌ಪಿಗೆ (ರಾಜ್ಯ ಸರ್ಕಾರದ ಸ್ಕಾಲರ್‌ಶಿಪ್ ಪೋರ್ಟಲ್) ಬೇಕಾದ ಇ-ಅಟೆಸ್ಟೇಶನ್, ಅಂದರೆ ದಾಖಲೆಗಳ ಆನ್‌ಲೈನ್ ದೃಢೀಕರಣವನ್ನು ನಿಮ್ಮ ಕೇಂದ್ರದಲ್ಲಿ ಯಾರು ಮಾಡುತ್ತಾರೆ ಅಂತ ಬಾಗಿಲ ಮೇಲೆ ಬರೆದು ಹಾಕಿ.

ಎಲ್ಲಕ್ಕಿಂತ ಮುಖ್ಯ ಬ್ಯಾಂಕ್ ಖಾತೆ. ಹಣ ಹೋಗುವುದು ಅರ್ಜಿಯಲ್ಲಿ ಬರೆದ ಖಾತೆಗಲ್ಲ, ಎನ್‌ಪಿಸಿಐನಲ್ಲಿ (ಬ್ಯಾಂಕುಗಳ ನಡುವಿನ ಪಾವತಿ ನೋಡಿಕೊಳ್ಳುವ ಸಂಸ್ಥೆ) ಆಧಾರ್‌ಗೆ ಜೋಡಣೆಯಾದ ಖಾತೆಗೆ. ಹೊಸದುರ್ಗದ ಕಡೆಯ ಒಬ್ಬ ಹುಡುಗಿ ನಮ್ಮ ಕೌಂಟರಿಗೆ ಎರಡು ತಿಂಗಳು ಅಲೆದಳು. ಪೋರ್ಟಲ್‌ನಲ್ಲಿ ಹಣ ಜಮೆ ಅಂತ ತೋರಿಸುತ್ತಿದೆ, ಅವಳ ಪಾಸ್‌ಬುಕ್‌ನಲ್ಲಿ ಇಲ್ಲ. ಕೊನೆಗೆ ನೆನಪಿಸಿ ನೆನಪಿಸಿ ಕೇಳಿದರೆ, ಹೈಸ್ಕೂಲಿನಲ್ಲಿದ್ದಾಗ ಊರಿನ ಬ್ಯಾಂಕಿನಲ್ಲಿ ಒಂದು ಖಾತೆ ತೆರೆಸಿದ್ದರಂತೆ. ಅವಳ ತಾಯಿ ಹುಡುಕಿದಾಗ ಆ ಪಾಸ್‌ಬುಕ್ ಅಕ್ಕಿ ಡಬ್ಬಿಯ ಕೆಳಗಿತ್ತು. ಹಣ ಅಷ್ಟೂ ಅದರಲ್ಲೇ ಇತ್ತು. ಆ ಎರಡು ತಿಂಗಳು ಅವಳು ಒಂದೇ ಹೊತ್ತು ಊಟ ಮಾಡಿದ್ದಳು ಅನ್ನೋದು ನನಗೆ ಆಮೇಲೆ ಗೊತ್ತಾಯಿತು. ಅವತ್ತಿನಿಂದ ನಾನು ಉದ್ದದ ನೀಲಿ ರಟ್ಟಿನ ಪುಸ್ತಕ ಇಟ್ಟೆ. ಮಗುವಿಗೊಂದು ಪುಟ. ಯಾವ ಖಾತೆ ಜೋಡಣೆಯಾಗಿದೆ, ಅರ್ಜಿ ಯಾವತ್ತು ಹಾಕಿದರು, ಎಲ್ಲಿ ನಿಂತಿದೆ, ಎಲ್ಲ ಪೆನ್ಸಿಲ್‌ನಲ್ಲಿ. ತಿಂಗಳಿಗೊಮ್ಮೆ, ಹತ್ತನೇ ತಾರೀಕು, ಪುಟ ತಿರುವಿ ನೋಡುತ್ತಿದ್ದೆ. ಕಂಪ್ಯೂಟರಿನಲ್ಲಿ ಮಾಡಿದರೂ ಸರಿ, ಆದರೆ ತಾರೀಕು ಬಿಡಬೇಡಿ.

ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ವಿದ್ಯಾಸಿರಿ ಇದೆ, ಊಟ, ವಸತಿಗೆ ಅಂತ ಹತ್ತು ತಿಂಗಳು ಹಣ ಕೊಡುತ್ತಾರೆ. ಯುಜಿಸಿಯವರ ಪಿಜಿ ವಿದ್ಯಾರ್ಥಿವೇತನವನ್ನೂ ನೆನಪಿಡಿ. 2023-24ರಲ್ಲಿ ಶುರುವಾಗಿದ್ದು. ತಿಂಗಳಿಗೆ 15,000, ವರ್ಷಕ್ಕೆ ಹತ್ತು ತಿಂಗಳು. ಇಡೀ ದೇಶಕ್ಕೆ 10,000 ಜನ, ಅದರಲ್ಲಿ 30% ಹೆಣ್ಣುಮಕ್ಕಳಿಗೆ. ಮೊದಲ ವರ್ಷದಲ್ಲೇ ಅರ್ಜಿ ಹಾಕಬೇಕು, ವಯಸ್ಸು 30 ದಾಟಿರಬಾರದು. ರಾಷ್ಟ್ರೀಯ ಸ್ಕಾಲರ್‌ಶಿಪ್ ಪೋರ್ಟಲ್‌ನಲ್ಲಿ ಮಗು ಹಾಕಿದ ಅರ್ಜಿಯನ್ನು ಸಂಸ್ಥೆ ಪರಿಶೀಲಿಸಿ ಮುಂದೆ ಕಳಿಸದಿದ್ದರೆ ಅದು ಅಲ್ಲೇ ಸಾಯುತ್ತದೆ. ಪದವಿಯಲ್ಲಿ ಒಳ್ಳೆಯ ಅಂಕ ತೆಗೆದವರಿಂದ ತಪ್ಪದೆ ಹಾಕಿಸಿ.

ಇಷ್ಟೆಲ್ಲ ಮಾಡಿದರೂ ಹಣ ಬರೋಕೆ ತಿಂಗಳುಗಳು ಹಿಡಿಯುತ್ತವೆ. ಆ ನಡುವಿನ ಕಾಲಕ್ಕೆ ನಮ್ಮ ಒಂದು ವಿಭಾಗದ ಮೇಷ್ಟ್ರುಗಳು ತಲಾ ಎರಡು ಸಾವಿರ ಹಾಕಿ ಒಂದು ಕೈಗಡದ ನಿಧಿ ಮಾಡಿದರು. ಬಾಡಿಗೆಗೆ, ಮೆಸ್‌ಗೆ ಬೇಕಾದವರಿಗೆ ಮೂರು ಸಾವಿರದವರೆಗೆ ಕೊಡುವುದು, ಸ್ಕಾಲರ್‌ಶಿಪ್ ಬಂದಾಗ ಅವರು ವಾಪಸ್ ಹಾಕುವುದು. ಬಡ್ಡಿ ಇಲ್ಲ, ಬರೆಸಿಕೊಳ್ಳುವುದೂ ಇಲ್ಲ. ನಾಲ್ಕು ವರ್ಷದಲ್ಲಿ ವಾಪಸ್ ಬರದ್ದು ಒಂದೇ ಒಂದು ಸಲ. ಆ ಹುಡುಗನ ತಂದೆ ತೀರಿಕೊಂಡಿದ್ದರು, ಯಾರೂ ಕೇಳಲಿಲ್ಲ.

ಪಿಎಚ್‌ಡಿಗೆ ಹನ್ನೊಂದು ಜನರನ್ನೂ ಸೇರಿಸಿಕೊಳ್ಳೋಕೆ ಒತ್ತಡ ಬರುತ್ತದೆ, ಒಪ್ಪಬೇಡಿ. 2022ರ ಯುಜಿಸಿ ನಿಯಮದಲ್ಲಿ ಪ್ರೊಫೆಸರ್ ಹತ್ತಿರ ಒಂದು ಕಾಲಕ್ಕೆ ಎಂಟು, ಅಸೋಸಿಯೇಟ್ ಹತ್ತಿರ ಆರು, ಅಸಿಸ್ಟೆಂಟ್ ಹತ್ತಿರ ನಾಲ್ಕು ಜನ ಮಾತ್ರ. ನಿವೃತ್ತಿಗೆ ಮೂರು ವರ್ಷಕ್ಕಿಂತ ಕಡಿಮೆ ಇದ್ದರೆ ಹೊಸಬರನ್ನು ತೆಗೆದುಕೊಳ್ಳುವಂತಿಲ್ಲ. ಎಷ್ಟು ಜನರನ್ನು ನಿಜವಾಗಿ ನೋಡಿಕೊಳ್ಳಬಲ್ಲಿರೋ ಅಷ್ಟೇ ಜನ.

---

ಬಿಸಿಲನಾಡು ಉತ್ತರಿಸಿದ್ದು:

ಮೇಡಂ, ನಾನು ಸಂಶೋಧನಾ ವಿದ್ಯಾರ್ಥಿ, ನಾಲ್ಕನೇ ವರ್ಷ. ಊರು ಯಾದಗಿರಿ ಕಡೆ. ನನಗೂ ಏಳು ತಿಂಗಳು ಹಣ ಬಂದಿರಲಿಲ್ಲ.

ಸರ್ ಹೇಳಿದ್ದು ಎಲ್ಲ ಸರಿ. ನಾನು ಒಂದೇ ಮಾತು ಸೇರಿಸುತ್ತೇನೆ. ಆ ಏಳು ತಿಂಗಳಲ್ಲಿ ನನಗೆ ಹಸಿವಿಗಿಂತ ಜಾಸ್ತಿ ಬೇಜಾರಾಗಿದ್ದು ಕೌಂಟರಿನಲ್ಲಿ "ನಾಳೆ ಬಾ" ಅಂದಾಗ. ನಾಳೆ ಹೋದರೆ ಮತ್ತೊಬ್ಬರು ಕೂತಿರೋರು, ಮತ್ತೆ ಮೊದಲಿಂದ ಹೇಳಬೇಕು. ಮನೆಯಲ್ಲಿ ಅವ್ವ "ಯಾವಾಗ ಬರ್ತದಪ್ಪಾ?" ಅಂತ ಕೇಳಿದರೆ ಹೇಳೋಕೆ ಒಂದು ತಾರೀಕೂ ಇರಲಿಲ್ಲ. ನಿಮ್ಮ ಹುಡುಗನಿಗೆ ಕಡತ ಇವತ್ತು ಎಲ್ಲಿದೆ ಅಂತ ವಾರಕ್ಕೊಮ್ಮೆ ನೀವೇ ಒಂದು ಮೆಸೇಜ್ ಹಾಕಿ. "ಇನ್ನೂ ಆಗಿಲ್ಲ" ಅಂತ ಇದ್ದರೂ ಪರವಾಗಿಲ್ಲ. ಕಾಯೋಕೆ ಧೈರ್ಯ ಬರುತ್ತದೆ.

ಮತ್ತೆ, ನಮ್ಮ ಬ್ಯಾಚಿನ ಒಬ್ಬ ಅಕ್ಕ ಹೆರಿಗೆ ಆದ ಮೇಲೆ ಪಿಎಚ್‌ಡಿ ಬಿಟ್ಟೇಬಿಟ್ಟರು. 240 ದಿನ ರಜೆ ಸಿಗುತ್ತದೆ, ಹೆಣ್ಣುಮಕ್ಕಳಿಗೆ ಎರಡು ವರ್ಷ ಹೆಚ್ಚಿನ ಅವಧಿಯೂ ಇದೆ ಅನ್ನೋದು ಅವರಿಗೆ ಯಾರೂ ಹೇಳಿರಲಿಲ್ಲ. ದಯವಿಟ್ಟು ಸೇರುವ ದಿನವೇ ಹೇಳಿ.

---

ದೂರದಊರು ಉತ್ತರಿಸಿದ್ದು:

ನಾನು ಹಾಸನದವಳು. ಅಮೆರಿಕದ ಒಂದು ಸರ್ಕಾರಿ ವಿಶ್ವವಿದ್ಯಾಲಯದ ವಿಭಾಗದಲ್ಲಿ ಗ್ರಾಜುಯೇಟ್ ಕೋಆರ್ಡಿನೇಟರ್ ಕೆಲಸ ಮಾಡುತ್ತೇನೆ. ಇಲ್ಲಿಯ ಹಣ, ಇಲ್ಲಿಯ ನಿಯಮ ಬೇರೆ. ಹೋಲಿಸೋಕೆ ಬರೆಯುತ್ತಿಲ್ಲ. ಒಂದೇ ಒಂದು ಅಭ್ಯಾಸ ಮಾತ್ರ ನಿಮಗೆ ಉಪಯೋಗವಾಗಬಹುದು.

ಇಲ್ಲಿ ಪಿಎಚ್‌ಡಿಗೆ ಎಷ್ಟು ಜನರನ್ನು ಕರೆಯುವುದು ಅಂತ ಕೂರುವ ಮೊದಲು, ಎಷ್ಟು ಟಿಎ (ಪಾಠಕ್ಕೆ ನೆರವಾಗುವ ವಿದ್ಯಾರ್ಥಿ ಕೆಲಸ) ಜಾಗ ಇದೆ, ಯಾವ ಪ್ರೊಫೆಸರ್ ಹತ್ತಿರ ಎಷ್ಟು ಗ್ರಾಂಟ್ ಇದೆ ಅಂತ ಎಣಿಸುತ್ತೇವೆ. ಆಮೇಲೆ ಕಳಿಸುವ ಆಫರ್ ಪತ್ರದಲ್ಲೇ ಎಲ್ಲ ಇರುತ್ತದೆ: ವಾರಕ್ಕೆ 20 ಗಂಟೆ ಕೆಲಸ, ಇಷ್ಟು ಸ್ಟೈಪೆಂಡ್, ಟ್ಯೂಷನ್ ಮಾಫಿ, ಆರೋಗ್ಯ ವಿಮೆ, ಎಷ್ಟು ವರ್ಷದವರೆಗೆ. ವಿದ್ಯಾರ್ಥಿ ಏಪ್ರಿಲ್ 15ರವರೆಗೆ ಯೋಚಿಸಬಹುದು. ಇದಕ್ಕೆ ವಿಶ್ವವಿದ್ಯಾಲಯಗಳ ನಡುವೆ ಒಂದು ಒಪ್ಪಂದ ಇದೆ, ಸಹಿ ಹಾಕಿದವರು ಅದಕ್ಕಿಂತ ಮೊದಲು ಉತ್ತರ ಕೊಡು ಅಂತ ಒತ್ತಾಯ ಮಾಡುವುದಿಲ್ಲ.

ನೀವು ಅಷ್ಟು ಹಣ ಕೊಡೋಕಾಗಲ್ಲ, ನಿಜ. ಆದರೆ ಒಂದು ಹಾಳೆ ಕೊಡಬಹುದು. ನಿನಗೆ ಇಂಥಿಂಥ ಹಣ ಸಿಗಬಹುದು, ಸುಮಾರು ಇಂಥ ತಿಂಗಳು, ಅಲ್ಲಿವರೆಗೆ ಕೈಯಿಂದ ಇಷ್ಟು ಖರ್ಚು ಬರುತ್ತದೆ, ತೊಂದರೆಯಾದರೆ ಇವರನ್ನು ಕೇಳು. ಹಾಸನದಲ್ಲಿ ನಾನು ಎಂ.ಎಸ್ಸಿ. ಸೇರಿದಾಗ ಅಪ್ಪ ಕಾಫಿ ತೋಟದಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದರು. ಅಂಥ ಒಂದು ಹಾಳೆ ಸಿಕ್ಕಿದ್ದರೆ ಅವರು ಅದನ್ನು ಜೇಬಿನಲ್ಲಿಟ್ಟುಕೊಂಡು ಓಡಾಡುತ್ತಿದ್ದರು.

---

ತುಂಗಾತೀರ ಉತ್ತರಿಸಿದ್ದು:

ಎಲ್ಲರಿಗೂ ಕೈಮುಗಿಯುತ್ತೇನೆ. ಎರಡು ವಾರವಾಯಿತು, ಏನಾಯಿತು ಅಂತ ಹೇಳಿಬಿಡುತ್ತೇನೆ.

ಹಳೇಕಡತ ಸರ್, ಐದು ಪತ್ರ ನಾನೇ ಬಸ್ಸಿನಲ್ಲಿ ತೆಗೆದುಕೊಂಡು ಹೋದೆ. ಮೇಕರ್ ಒಳ್ಳೆಯವರು, ಅವತ್ತೇ ಏರಿಸಿದರು. ಚೆಕರ್ ರಜೆಯಲ್ಲಿದ್ದರು, ಸೋಮವಾರ ಬಂದು ಒಪ್ಪಿದರು. ಹಣ ಇನ್ನೂ ಬಂದಿಲ್ಲ. ಆದರೆ ಪ್ರತಿ ಶುಕ್ರವಾರ ಹುಡುಗನಿಗೆ ಮೆಸೇಜ್ ಹಾಕುತ್ತಿದ್ದೇನೆ. ಕಡತದಲ್ಲಿ ನೋಡಿದರೆ ಅವನ ಎರಡು ವರ್ಷ ಜೂನ್‌ನಲ್ಲಿ ಮುಗಿಯುತ್ತದೆ. ಹೊರಗಿನ ತಜ್ಞರಿಗೆ ಇವತ್ತೇ ಪತ್ರ ಬರೆದೆ.

ಆರು ಮಕ್ಕಳ ಅರ್ಜಿ ಒಂದೊಂದಾಗಿ ತೆಗೆದು ನೋಡಿದೆ. ಇಬ್ಬರದ್ದು ಆದಾಯ ಪತ್ರ ಮುಗಿದಿತ್ತು. ಒಬ್ಬನ ಖಾತೆ ಜೋಡಣೆಯಾಗಿರಲಿಲ್ಲ. ಗಾರ್ಮೆಂಟ್ಸ್ ಸೇರಿದ ಹುಡುಗಿಯ ಅರ್ಜಿ ಪೂರ್ತಿ ಸರಿಯಿತ್ತು. ಇ-ಅಟೆಸ್ಟೇಶನ್ ಮಾಡಬೇಕಾದ ನಮ್ಮ ಕಡೆಯೇ ಅದು ನವೆಂಬರಿನಿಂದ ಬಾಕಿ ಉಳಿದಿತ್ತು. ಅದನ್ನು ಅವಳಿಗೆ ಫೋನಿನಲ್ಲಿ ಹೇಳಿ ಕ್ಷಮೆ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ "ಹಾಜರಿ ಶಾರ್ಟೇಜ್ ಆಗಲ್ವಾ ಮೇಡಂ?" ಅಂತ ಕೇಳಿದಳು. ಆಗದ ಹಾಗೆ ಸಂಜೆ ಪಾಠ ಮಾಡುತ್ತೇನೆ ಅಂದಿದ್ದೇನೆ. ನಾವು ನಾಲ್ಕು ಜನ ಮೇಷ್ಟ್ರುಗಳು ಸೇರಿ ಕೈಗಡಕ್ಕೆ ಹಣ ಹಾಕಿದ್ದೇವೆ. ಅವಳ ರೂಮಿನ ಮಾಲೀಕರ ಹತ್ತಿರ ನಾನೇ ಮಾತಾಡಿದೆ, ಎರಡು ಕಂತಿಗೆ ಒಪ್ಪಿದರು. ತಿಂಗಳ ಸಂಬಳ ಕೈಗೆ ಬಂದ ಮೇಲೆ ಏಳನೇ ತಾರೀಕು ಬರುತ್ತೇನೆ ಅಂದಿದ್ದಾಳೆ.