ತುಪ್ಪಳದ ವ್ಯಾಪಾರಿಯೋ, ಚರ್ಮದ ವ್ಯಾಪಾರಿಯೋ?

ಎಲ್ಲರಿಗೂ ನಮಸ್ಕಾರ.

ಕೆನಡಾದ ಪಶ್ಚಿಮ ನಾಡನ್ನು ಅಳೆದು ನಕ್ಷೆ ಬರೆದ ಡೇವಿಡ್ ಥಾಂಪ್ಸನ್ ಬಗ್ಗೆ ಮಕ್ಕಳಿಗಾಗಿ ಬರೆಯುತ್ತಿದ್ದೇನೆ. 1770ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಬಡ ಹುಡುಗ. ಎಳವೆಯಲ್ಲೇ ತಂದೆ ತೀರಿಹೋದರು. ಹದಿನಾಲ್ಕಕ್ಕೆ, ಕಾಡುಪ್ರಾಣಿಗಳ ಕೂದಲಿರುವ ತೊಗಲು ಕೊಂಡು ಮಾರುತ್ತಿದ್ದ ಹಡ್ಸನ್ಸ್ ಬೇ ಕಂಪನಿಗೆ ಸೇರಿ ಕೆನಡಾದ ಹಡಗು ಹತ್ತಿದ. ಅವನ ಕಸುಬನ್ನು ಕನ್ನಡದಲ್ಲಿ ಏನನ್ನಬೇಕು? ಮೊದಲ ಸಾಲಿನಲ್ಲೇ ಸಿಕ್ಕಿಕೊಂಡಿದ್ದೇನೆ.

"ಚರ್ಮದ ವ್ಯಾಪಾರಿ" ಅಂದರೆ ಕೂದಲು ತೆಗೆದು ಹದ ಮಾಡಿದ ತೊಗಲು, ಚಪ್ಪಲಿ, ಬೆಲ್ಟು ಕಣ್ಣಿಗೆ ಬರುತ್ತವೆ. ಇಲ್ಲಿ ಬೇಕಾಗಿದ್ದೇ ಕೂದಲು! ಬೀವರ್ ಅನ್ನುವ ಪ್ರಾಣಿಯ ಮೈಮೇಲೆ ಉದ್ದನೆಯ ಒರಟು ಕೂದಲಿರುತ್ತದೆ, ಅದರಡಿ ದಟ್ಟವಾದ ಮೆತ್ತನೆಯ ಕೂದಲಿರುತ್ತದೆ. ಯುರೋಪಿನ ಟೋಪಿ ಮಾಡುವವರು ಆಸೆಪಟ್ಟಿದ್ದು ಒಳಗಿನದಕ್ಕೆ. ಅದನ್ನು ತೊಗಲಿನಿಂದ ಬಿಡಿಸಿ, ಒತ್ತಿ ಒತ್ತಿ ಗಟ್ಟಿ ಮಾಡಿ ಟೋಪಿ ಮಾಡುತ್ತಿದ್ದರು. ಅಲ್ಲಿನ ಮೂಲನಿವಾಸಿಗಳು ಹೊದ್ದು ಹಳೆಯದಾದ ತೊಗಲಿಗೆ ಒಂದು ಕಾಲದಲ್ಲಿ ಹೊಸದಕ್ಕಿಂತ ಜಾಸ್ತಿ ಬೆಲೆಯಿತ್ತು. ಮೈಗೆ ಉಜ್ಜಿ ಉಜ್ಜಿ ಒರಟು ಕೂದಲು ಆಗಲೇ ಉದುರಿರುತ್ತಿತ್ತು, ಅದಕ್ಕೆ.

ಈ ಒಳಗೂದಲಿಗೆ ನಮ್ಮ "ತುಪ್ಪಳ" ಚೆನ್ನಾಗಿ ಒಪ್ಪುತ್ತದೆ ಅನಿಸುತ್ತದೆ. ಮೊಲದ ಮೈಗೆ, ಹಕ್ಕಿಮರಿಯ ಮೈಗೆ ಹೇಳುವ ಮಾತು ಅಲ್ವಾ? ಆದರೆ ಕೈಬದಲಾಗುತ್ತಿದ್ದದ್ದು ಕೂದಲಿದ್ದ ಇಡೀ ತೊಗಲು. ಹಾಗಾಗಿ ಸರಕಿಗೆ "ತುಪ್ಪಳದ ತೊಗಲು", ಮನುಷ್ಯನಿಗೆ "ತುಪ್ಪಳದ ವ್ಯಾಪಾರಿ" ಅಂದರೆ ಹೇಗೆ? ನಿಮ್ಮ ಕಡೆ ಬೇರೆ ಮಾತಿದ್ದರೆ ದಯವಿಟ್ಟು ತಿಳಿಸಿ.

ಬೀವರ್‌ಗೆ ಕೆಲವರು "ನೀರುನಾಯಿ" ಅಂತ ಬರೆಯುತ್ತಾರೆ. ಅದು ತಪ್ಪು. ನೀರುನಾಯಿ ನಮ್ಮ ತುಂಗಭದ್ರೆಯಲ್ಲಿ ಮೀನು ಹಿಡಿಯುವ ಪ್ರಾಣಿ. ಬೀವರ್ ಮರ ಕಡಿದು ಅಣೆ ಕಟ್ಟುತ್ತದೆ, ತೊಗಟೆ ತಿನ್ನುತ್ತದೆ. ಬೀವರ್ ಅಂತಲೇ ಇಡುತ್ತೇನೆ.

ಇನ್ನೊಂದು, ಯಾರ್ಕ್ ಫ್ಯಾಕ್ಟರಿ. 1785ರಲ್ಲಿ ಥಾಂಪ್ಸನ್ ಚರ್ಚಿಲ್ ಅನ್ನುವ ಕಂಪನಿಯ ಠಾಣೆಯಿಂದ ಕಡಲ ದಂಡೆ ಹಿಡಿದು ಅಲ್ಲಿಗೆ ನಡೆದೇ ಹೋದ. "ಕಾರ್ಖಾನೆ" ಅಂದರೆ ಅರ್ಥವೇ ಕೆಟ್ಟುಹೋಗುತ್ತದೆ. ಅಲ್ಲಿ ಏನನ್ನೂ ತಯಾರಿಸುತ್ತಿರಲಿಲ್ಲ. ಕಂಪನಿಯ ಏಜೆಂಟನಿಗೆ ಫ್ಯಾಕ್ಟರ್ ಅನ್ನುತ್ತಿದ್ದರು, ಅವನಿರುವ ಜಾಗ ಫ್ಯಾಕ್ಟರಿ. ಸೂರತ್ತಿನಲ್ಲಿ, ನಮ್ಮ ಕಾರವಾರದಲ್ಲಿ ಇಂಗ್ಲಿಷರು ಇಟ್ಟಿದ್ದೂ ಇಂಥದ್ದೇ. ಅದಕ್ಕೆ ನಮ್ಮಲ್ಲಿ "ಕೋಠಿ" ಅನ್ನುವ ಒಳ್ಳೆಯ ಮಾತಿದೆ. "ಯಾರ್ಕ್ ಕೋಠಿ" ಅನ್ನೋಣ ಅಂತಿದ್ದೇನೆ.

ಕೊನೆಯದು ಬರಹದ ಹೆಸರು, ಅದೇ ನನಗೆ ಹೆಚ್ಚು ಮುಖ್ಯ. 1788ರಲ್ಲಿ ಥಾಂಪ್ಸನ್ ಕಾಲು ಮುರಿದುಕೊಂಡ. ಗುಣವಾಗಲು ತಿಂಗಳುಗಟ್ಟಲೆ ಹಿಡಿಯಿತು. ಆ ಬಿಡುವಿನಲ್ಲೇ ಫಿಲಿಪ್ ಟರ್ನರ್ ಎಂಬ ಅಳತೆಗಾರರಿಂದ ಸೂರ್ಯ, ಚಂದ್ರ, ಚುಕ್ಕಿಗಳನ್ನು ನೋಡಿ ತಾನಿರುವ ಜಾಗ ಲೆಕ್ಕ ಹಾಕುವುದನ್ನು ಕಲಿತ. ಬಲಗಣ್ಣು ಹೋಯಿತು, ಆದರೂ ನೋಡುವುದು ನಿಲ್ಲಲಿಲ್ಲ. 1797ರಲ್ಲಿ ಎದುರಾಳಿಯಾಗಿದ್ದ ನಾರ್ತ್ ವೆಸ್ಟ್ ಕಂಪನಿಗೆ ಹೋದ. 1799ರಲ್ಲಿ ಷಾರ್ಲಟ್ ಸ್ಮಾಲ್‌ಳನ್ನು ಮದುವೆಯಾದ, ಅವಳ ತಾಯಿ ಅಲ್ಲಿನ ಮೂಲನಿವಾಸಿ ಕ್ರೀ ಜನಾಂಗದವಳು. 1811ರಲ್ಲಿ ಕೊಲಂಬಿಯಾ ನದಿ ಕಡಲು ಸೇರುವ ಜಾಗ ಮುಟ್ಟಿದ. ಆಮೇಲೆ ಪಶ್ಚಿಮದ ಆ ನಾಡಿನ ದೊಡ್ಡ ನಕ್ಷೆ ಬರೆದ. 1857ರಲ್ಲಿ ಬಡತನದಲ್ಲೇ ತೀರಿಕೊಂಡ. ಮೂರು ತಿಂಗಳೊಳಗೆ ಷಾರ್ಲಟ್ ಕೂಡ ಹೋದಳು.

ಪಶ್ಚಿಮದ ಮೂಲನಿವಾಸಿ ಸೇಲಿಶ್ ಜನ ಥಾಂಪ್ಸನ್‌ನನ್ನು "ಕೂಕೂಸಿಂಟ್" ಅಂತ ಕರೆಯುತ್ತಿದ್ದರು. ಚುಕ್ಕಿ ನೋಡುವವನು ಅಂತ ಅರ್ಥ. ಬರಹಕ್ಕೆ ಅದೇ ಹೆಸರಿಡುವ ಆಸೆ. "ಜೋಯಿಸ" ಆಗುವುದಿಲ್ಲ, ಇವನು ಯಾರ ಭವಿಷ್ಯವನ್ನೂ ಹೇಳಲಿಲ್ಲ. "ಚುಕ್ಕಿನೋಟಗಾರ" ಅಂದರೆ ನಿಮ್ಮ ಕಿವಿಗೆ ಹೇಗೆ ಕೇಳಿಸುತ್ತದೆ?